ಶಿಲೆಗೊಂದು ನೋಟ, ಮಗುವಿಗೊಂದು ನೋಟ

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಭಿತ್ತಿಗಳಲ್ಲಿ ಮೂಗು ಮುರಿದ, ಮುಖ ಸವೆದ ಶಿಲ್ಪಗಳು ಅನೇಕ. ಅವುಗಳ ಮುಂದೆ ನಿಂತು ಉಳಿದ ಚೆಲುವನ್ನು ನಾವು ಕಣ್ತುಂಬಿಕೊಳ್ಳುತ್ತೇವೆ. ಆದರೆ ಬೇಲೂರಿನಿಂದ ಬಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಸೀಳುತುಟಿಯ ಮಗುವೊಂದು ತಾಯಿಯ ಮಡಿಲಲ್ಲಿದ್ದರೆ ಅವೇ ಕಣ್ಣುಗಳು ಎವೆಯಿಕ್ಕದೆ ದಿಟ್ಟಿಸುತ್ತವೆ, ಇಲ್ಲವೇ ಥಟ್ಟನೆ ಬೇರೆಡೆ ಹೊರಳುತ್ತವೆ. ತಾಯಿ ಮಗುವಿನ ಮುಖಕ್ಕೆ ಸೆರಗು ಎಳೆಯುತ್ತಾಳೆ.

ಅವಮಾನಕ್ಕೆ ಕನ್ನಡದಲ್ಲಿ ‘ಮುಖಭಂಗ’ವೆಂಬ ಹೆಸರಿದೆ. ಮಾನವನ್ನು ಮುಖದಲ್ಲಿಯೇ ಕಂಡ ಸಮಾಜ ನಮ್ಮದು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಹಾಗೂ ಒಂದು ಕೈ ಕಳೆದುಕೊಂಡ. ಪುಣೆಯ ಸಮೀಪದ ಸ್ಥಳೀಯ ಚಿಕಿತ್ಸಕನೊಬ್ಬ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಈ ವೃತ್ತಾಂತವನ್ನು ಪ್ರಕಟಿಸಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಇಂಗ್ಲೆಂಡಿನಲ್ಲಿ ಅದೇ ವಿಧಾನವನ್ನು ಅನುಸರಿಸಿದ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಇದೊಂದು ಮೈಲಿಗಲ್ಲು. ಮೂಗು ಕೊಯ್ದವರ ಉದ್ದೇಶ ಕೊಲ್ಲುವುದಾಗಿರಲಿಲ್ಲ. ಪರರ ಕಣ್ಣಿಗೆ ಅವನನ್ನು ಗುರಿಯಾಗಿಸುವುದಾಗಿತ್ತು.

ಸೀಳುತುಟಿಯ ಮಗು ಯಾವ ಯುದ್ಧವನ್ನೂ ಕಂಡಿಲ್ಲ. ಆದರೂ ಅಂಥದೇ ಶಿಕ್ಷೆ ಅನುಭವಿಸುತ್ತದೆ. ತಾಯಿ ಗ್ರಹಣ ನೋಡಿದ ಫಲವೆಂಬ ಮಾತು ಇನ್ನೂ ಕೇಳಿಬರುತ್ತದೆ. ವಾಸ್ತವವಾಗಿ ಗರ್ಭಸ್ಥ ಶಿಶುವಿನ ತುಟಿ 4ರಿಂದ 7ನೇ ವಾರದೊಳಗೆ, ಅಂಗುಳ 9ನೇ ವಾರದ ಹೊತ್ತಿಗೆ ಕೂಡಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಆಗಿನ್ನೂ ಬಸಿರಿನ ಅರಿವೇ ಇರುವುದಿಲ್ಲ. ತುಟಿಯ ಶಸ್ತ್ರಚಿಕಿತ್ಸೆಯನ್ನು ಹುಟ್ಟಿದ ಕೆಲವೇ ತಿಂಗಳಲ್ಲಿ, ಅಂಗುಳದ್ದನ್ನು ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಮಾಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿ, ಶಾಲೆಗಳಲ್ಲಿ ಇಂತಹ ಮಕ್ಕಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸುತ್ತದೆ.

ಚಿಕಿತ್ಸೆಯ ‘ಮೊದಲು’ ಮತ್ತು ‘ನಂತರ’ದ ಜೋಡಿ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಅವು ಎಷ್ಟೋ ಪೋಷಕರಿಗೆ ಧೈರ್ಯ ತುಂಬಿವೆ. ಆದರೆ ಎಡಬದಿಯ ಮುಖ ಅಳಿಸಿಹಾಕಬೇಕಾದದ್ದು, ಬಲಬದಿಯದು ಮಾತ್ರ ಮನುಷ್ಯನದು ಎಂಬ ಪಾಠವನ್ನೂ ಅವು ಸದ್ದಿಲ್ಲದೆ ಕಲಿಸುತ್ತವೆ. ಎರಡರಲ್ಲೂ ಇರುವುದು ಒಂದೇ ಮಗು. ಹೊಲಿಗೆಯ ಗುರುತು ಉಳಿಯುತ್ತದೆ; ಮಾತಿನ ತರಬೇತಿ, ಹಲ್ಲಿನ ಚಿಕಿತ್ಸೆ ವರ್ಷಗಟ್ಟಲೆ ನಡೆಯಬೇಕಾಗಬಹುದು. ಎಲ್ಲರಿಗೂ ಎಲ್ಲರೂ ಪರಿಚಿತರಾಗಿರುವ ಬಿಕ್ಕೋಡಿನಂತಹ ಊರಿನಲ್ಲಿ ‘ಈಗ ಪರವಾಗಿಲ್ಲ, ಮೊದಲು ಹೇಗಿತ್ತು ಗೊತ್ತೇ?’ ಎಂಬ ಪಿಸುಮಾತು ಮದುವೆಯ ಮಾತುಕತೆಯವರೆಗೂ ಹಿಂಬಾಲಿಸಬಲ್ಲದು. ವೈದ್ಯರು ತುಟಿ ಕೂಡಿಸಿದರೂ ಊರಿನ ನೆನಪು ಅದನ್ನು ಮತ್ತೆ ಮತ್ತೆ ಸೀಳುತ್ತದೆ.

ಎಲ್ಲ ಮುಖಗಳನ್ನೂ ‘ಸರಿಪಡಿಸಲು’ ಸಾಧ್ಯವೂ ಇಲ್ಲ. ಆ್ಯಸಿಡ್ ದಾಳಿಗೊಳಗಾದವರು ಹಲವು ಶಸ್ತ್ರಚಿಕಿತ್ಸೆಗಳ ಬಳಿಕವೂ ಬೇರೆಯದೇ ಮುಖದೊಂದಿಗೆ ಬದುಕುತ್ತಾರೆ. ಬ್ಯಾಂಕ್ ಖಾತೆಗೆ ಗುರುತು ದೃಢೀಕರಿಸುವಾಗ ಕ್ಯಾಮೆರಾದೆದುರು ಕಣ್ಣು ಮಿಟುಕಿಸಬೇಕೆಂಬ ನಿಯಮ ಅಂಥವರನ್ನು ಹೊರಗಿಟ್ಟಾಗ, ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಪರ್ಯಾಯ ವಿಧಾನಗಳನ್ನು ಒದಗಿಸುವಂತೆ ನಿರ್ದೇಶಿಸಿತು. ಯಂತ್ರವೂ ನಮ್ಮ ನೋಟವನ್ನೇ ಕಲಿತಿದೆ!

ಯಂತ್ರಕ್ಕೆ ನ್ಯಾಯಾಲಯ ಬುದ್ಧಿ ಹೇಳಬಹುದು. ನಮ್ಮ ಕಣ್ಣುಗಳಿಗೆ ಆದೇಶ ಹೊರಡಿಸುವವರಾರು? ಅದು ಮನೆ, ಶಾಲೆಗಳಲ್ಲಿಯೇ ಆಗಬೇಕಾದ ಕೆಲಸ. ಶಸ್ತ್ರಚಿಕಿತ್ಸೆ ಅಗತ್ಯ, ಅದು ಹಾಲು ಕುಡಿಯಲು, ಮಾತಾಡಲು ಮಗುವಿಗೆ ಬೇಕು. ಗೌರವಕ್ಕೆ ಅದು ಷರತ್ತಾಗಕೂಡದು. ಮೇಷ್ಟ್ರು ಹಾಜರಿ ಕರೆಯುವಾಗ ಮುಖ ತಪ್ಪಿಸದೆ, ಮರುಕವನ್ನೂ ಬೆರೆಸದೆ, ಉಳಿದವರನ್ನು ಕರೆದಂತೆಯೇ ಆ ಮಗುವಿನ ಹೆಸರನ್ನೂ ಕರೆದರೆ ತರಗತಿಯ ಉಳಿದ ಕಣ್ಣುಗಳು ತಾವಾಗಿಯೇ ಪಾಠ ಕಲಿಯುತ್ತವೆ.