ಕಡಿಮೆ ಖರ್ಚಿನಲ್ಲಿ ಹಳೆಯ ಮಸ್ಟ್ಯಾಂಗ್ ಕಾರಿಗೆ ಮರುಜೀವ ಕೊಡಬಹುದೇ?

ಕೊಡಬಹುದು, ತುಕ್ಕು ಕಡಿಮೆಯಿರುವ ಕಾರು ಸಿಕ್ಕರೆ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟ್ಯಾಂಗ್‌ಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರವೆಲ್ಲ ಹೊರುತ್ತದೆ. ಮುಂಗಾಜಿನ ಕೆಳಗಿನ ಗಾಳಿಕಿಂಡಿಯಲ್ಲಿ ನೀರು, ತರಗೆಲೆ ನಿಂತು ತಗಡು ತೂತಾದರೆ, ನೀರು ಒಳಗಿಳಿದು ಕಾಲಡಿಯ ತಗಡನ್ನೂ ತಿನ್ನುತ್ತದೆ. ಅದನ್ನು ಸರಿಪಡಿಸಲು ಹಳೆಯ ವೆಲ್ಡಿಂಗ್ ಬಿಡಿಸಬೇಕು. ಕೂಲಿಯೇ ಜೇಬು ಖಾಲಿ ಮಾಡುತ್ತದೆ. ಎಂಜಿನ್ ಕೆಟ್ಟಿದ್ದರೂ ಬಾಡಿ ಗಟ್ಟಿಯಿರುವ ಕಾರೇ ಮೇಲು. ಕೊಳ್ಳುವ ಮುನ್ನ ಆ ಕಿಂಡಿಗೆ ನೀರು ಸುರಿದು ಒಳಗೆ ಸೋರುತ್ತದೆಯೇ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಆರು ಸಿಲಿಂಡರ್‌ನ ಸಾಮಾನ್ಯ ಹಾರ್ಡ್‌ಟಾಪ್ ಮಾದರಿ ಅಗ್ಗ. ವಿ-8 ಇಲ್ಲದ್ದು ಮಸಲ್ ಕಾರೇ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ, ಇರಲಿ. ಹೊಸದಾಗಿ ತಯಾರಾದ ಬಿಡಿಭಾಗಗಳು ಧಾರಾಳವಾಗಿ ಸಿಗುವುದರಿಂದ ಬಹಳಷ್ಟು ಕೆಲಸ ಮನೆಯಲ್ಲೇ ಆಗುತ್ತದೆ.

ಮೊದಲ ಹಣ ಬ್ರೇಕಿಗೆ. 1967ಕ್ಕಿಂತ ಹಿಂದಿನ ಮಾದರಿಗಳಲ್ಲಿ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ. ಎರಡು ಕೋಣೆಯದನ್ನು ಹಾಕಿಸುವುದು ಒಳಿತು. ಆಮೇಲೆ ಸ್ಟಿಯರಿಂಗ್, ಇಂಧನ ಕೊಳವೆ, ವೈರಿಂಗ್. ಪೇಂಟ್, ಕ್ರೋಮ್ ಕೊನೆಗೆ. ಮಾರಿ ಲಾಭ ಮಾಡುವ ಆಸೆಯಿದ್ದರೆ ಮಾತ್ರ ಈ ಲೆಕ್ಕ ಕೂಡಿಬರುವುದು ಕಷ್ಟ.