ಕಂಠಪಾಠವಷ್ಟೇ ಸಾಲದು, ಕಂಠಸಾಧನೆಯೂ ಬೇಕು

ಬಸವ ಜಯಂತಿ ಬಂದಿತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ವಚನ ಹೇಳುವ ಮಕ್ಕಳಿಗೆ ಕೊರತೆಯಿಲ್ಲ. ನುಡಿ ಹೇಗಿರಬೇಕೆಂದು ಬಸವಣ್ಣನವರು ತಿಳಿಸಿದ ವಚನವಂತೂ ಬಹುತೇಕರಿಗೆ ಬಾಯಿಪಾಠ. ಆದರೆ ಅದೇ ಮಗು ಪಾತ್ರ ಧರಿಸಿ ವೇದಿಕೆಗೆ ಬಂದಾಗ ಎರಡನೆಯ ಮಾತಿಗೇ ಉಸಿರು ಸಾಲದಾಗುತ್ತದೆ, ನಾಲ್ಕನೆಯದು ಕಿರುಚಾಟವಾಗುತ್ತದೆ, ಮರುದಿನ ಗಂಟಲು ಕಟ್ಟಿರುತ್ತದೆ. “ಜೋರಾಗಿ ಹೇಳು” ಎನ್ನುವ ಹಿರಿಯರು ಬಹಳ. ಹೇಗೆ ಹೇಳಬೇಕೆಂದು ಕಲಿಸುವವರು ವಿರಳ. ಅಭಿನಯ ಕಲಿಯಹೊರಟ ತರುಣ ತರುಣಿಯರ ಮೊದಲ ತೊಡಕೂ ಇದೇ ಆಗಿದೆ.

ನೆಲದ ಪರಂಪರೆ

ನಾಟ್ಯಶಾಸ್ತ್ರವು ಹೇಳುವ ನಾಲ್ಕು ಬಗೆಯ ಅಭಿನಯಗಳಲ್ಲಿ ವಾಚಿಕವೂ ಒಂದು. ಈ ಸೀಮೆಗೆ ಅದು ಹೊಸದಲ್ಲ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರನ ರಗಳೆಗಳು ಗಟ್ಟಿಯಾಗಿ ಓದಿದಾಗಲೇ ತಮ್ಮ ಓಟವನ್ನು ತೋರುತ್ತವೆ. ಬಳ್ಳಾರಿ ಜಿಲ್ಲೆಯ ಜೋಳದರಾಶಿ ದೊಡ್ಡನಗೌಡರು (1910–1994) ಗಮಕಿಗಳೂ ಹೌದು, ನಟರೂ ಹೌದು. ಗಮಕದಲ್ಲಿ ರಾಗವು ಅರ್ಥದ ಸೇವಕ; ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದೇ ಅದರ ಜೀವಾಳ. ನಟನಿಗೆ ಇದಕ್ಕಿಂತ ಉತ್ತಮ ಪಾಠ ಬೇರೆ ಯಾವುದಿದೆ? ಧ್ವನಿವರ್ಧಕ ಬರುವ ಮುನ್ನ ಕಂಪನಿ ನಾಟಕದ ನಟರು ಕೊನೆಯ ಸಾಲಿನ ಪ್ರೇಕ್ಷಕನಿಗೂ ಬರಿಗೊರಳಿನಿಂದಲೇ ಮಾತು ಮುಟ್ಟಿಸಬೇಕಾಗಿತ್ತು. ಬಸವೇಶ್ವರರ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು (1914–2017) ಬೆಳೆದದ್ದು ಅಂತಹ ರಂಗದಲ್ಲಿಯೇ.

ಉಸಿರೇ ಬಂಡವಾಳ

ಹೊರಬಿಡುವ ಉಸಿರು ಗಂಟಲಿನ ಧ್ವನಿತಂತುಗಳನ್ನು ಮಿಡಿದಾಗ ಧ್ವನಿ ಹುಟ್ಟುತ್ತದೆ. ಎದೆ, ಬಾಯಿ, ಮೂಗುಗಳಲ್ಲಿ ಅನುರಣಿಸಿ ತುಂಬಿಕೊಳ್ಳುತ್ತದೆ. ಉಸಿರು ಸಾಲದಾದಾಗ ಆ ಭಾರವೆಲ್ಲ ಗಂಟಲಿನ ಮೇಲೆ ಬೀಳುತ್ತದೆ. ಆದುದರಿಂದ ಮೊದಲ ಪಾಠ ಮಾತಲ್ಲ, ಉಸಿರು. ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈಯಿರಿಸಿ ಉಸಿರೆಳೆದರೆ ಕೈ ಮೇಲೇಳಬೇಕು, ಭುಜಗಳು ಅಲುಗಬಾರದು. ಬಳಿಕ “ಸ್” ಎಂದು ಒಂದೇ ಹದದಲ್ಲಿ ಉಸಿರು ಬಿಡುವುದು. ಅನಂತರ ತುಟಿ ಮುಚ್ಚಿ “ಮ್” ಎಂದು ಗುನುಗುವುದು. ದಿನಕ್ಕೆ ಹತ್ತು ನಿಮಿಷ ಸಾಕು.

ಮುಂದೆ ಒಂದು ವಚನವನ್ನು ಎತ್ತಿಕೊಂಡು, ಅರ್ಥ ನಿಲ್ಲುವಲ್ಲಿ ಮಾತ್ರ ಉಸಿರಿಗೆ ಗುರುತು ಹಾಕಿಕೊಳ್ಳಬೇಕು. ವಚನದ ಭಾರವೆಲ್ಲ ಕೊನೆಯ ಅಂಕಿತದ ಮೇಲೆ ನಿಂತಿರುತ್ತದೆ. ಕಲಿಯುವವರ ಉಸಿರು ಮುಗಿಯುವುದೂ ಅಲ್ಲಿಯೇ! ಅಂಕಿತವು ಮೊದಲ ಮಾತಿನಷ್ಟೇ ಸ್ಪಷ್ಟವಾಗಿ ಕೇಳಿಸಿತೆಂದರೆ ಅರ್ಧ ವಿದ್ಯೆ ಕೈಸೇರಿದಂತೆ.

ಮನೆಮಾತು ಕಳಂಕವಲ್ಲ

ದನ–ಧನ, ಕರ–ಖರ, ಹಲ್ಲಿ–ಹಳ್ಳಿ, ಹುಲಿ–ಹುಳಿ ಇಂತಹ ಜೋಡಿಗಳನ್ನು ನಿಧಾನವಾಗಿ ಹೇಳಿಸುತ್ತ ಹೋದರೆ ನಾಲಗೆ ಹದಗೊಳ್ಳುತ್ತದೆ. ಸಂಡೂರಿನ ಕಡೆ ಲಂಬಾಣಿ, ಮರಾಠಿ, ಉರ್ದು, ಕಂಪ್ಲಿಯ ಕಡೆ ತೆಲುಗು ಮನೆಮಾತಾದ ಮಕ್ಕಳೂ ಕನ್ನಡ ನಾಟಕಕ್ಕೆ ಬರುತ್ತಾರೆ. ಅವರ ಉಚ್ಚಾರವನ್ನು ನಾಲ್ವರೆದುರು ಹೀಗಳೆದರೆ ಮಗುವಿನ ಗಂಟಲು ಬಿಗಿಯುತ್ತದೆ; ಧ್ವನಿ ಒಳಗೇ ಉಡುಗುತ್ತದೆ. ಗ್ರಂಥಭಾಷೆ ಪಾತ್ರಕ್ಕೆ ಬೇಕಾದಾಗ ತೊಡುವ ಉಡುಪು. ಅದಕ್ಕಾಗಿ ಮನೆಮಾತನ್ನು ಕಳಚಿ ಎಸೆಯಬೇಕಾಗಿಲ್ಲ. ಅಂಬಿಗ, ಮಾದಾರ, ಮಡಿವಾಳರೆಲ್ಲ ತಮ್ಮ ನುಡಿಯಲ್ಲಿಯೇ ಮಾತನಾಡಿದ ಶರಣಪರಂಪರೆಯ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಬಂಡೆಯೇ ಗುರು

ಹಂಪೆಯ ಸುತ್ತಲಿನ ಬಂಡೆಗಳು ಒಳ್ಳೆಯ ಶಿಕ್ಷಕರು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, 20 ಮೀಟರು ದೂರದ ದೊಡ್ಡ ಬಂಡೆಗೆ ತಾಗಿದ ಮಾತು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ತಡವಾಗಿ ಮರಳುತ್ತದೆ. ಮರುದನಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದರೆ ಅವಸರವಾಯಿತೆಂದು ತಿಳಿಯಬೇಕು. ಆಗ ಕೂಗನ್ನು ಏರಿಸದೆ ವೇಗವನ್ನು ಇಳಿಸಬೇಕು.

ಪಾಲಕರ ಗಮನಕ್ಕೆ

ಅಭ್ಯಾಸದ ನಡುನಡುವೆ ನೀರು ಕುಡಿಸಿರಿ. ನೆಗಡಿಯಾದಾಗ, ಧೂಳಿನಲ್ಲಿ, ಕೂಗಿಸಬೇಡಿರಿ. ಗಂಟಲು ಕಟ್ಟಿದಾಗ ಪಿಸುಮಾತಿಗಿಂತ ಮೌನವೇ ಲೇಸು. ಹರೆಯದಲ್ಲಿ ಗಂಡುಮಕ್ಕಳ ದನಿ ಒಡೆಯುವುದು ಸಹಜ. ಆಗ ನಗಬೇಡಿರಿ, ಎತ್ತರದ ಶ್ರುತಿಗೆ ಒತ್ತಾಯಿಸಬೇಡಿರಿ. ಗೊಗ್ಗರು ದನಿ ಮೂರು ವಾರ ಮೀರಿದರೆ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸುವುದು ಕ್ಷೇಮ.

ಹೆಚ್ಚಿನ ಶಿಕ್ಷಣ ಬಯಸುವವರಿಗೆ 1980ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಶ್ರಯದಲ್ಲಿ ಸಾಣೇಹಳ್ಳಿಯಲ್ಲಿ ಬೆಳೆದ ರಂಗಶಾಲೆಯೂ ಇದೆ. ಅಲ್ಲಿಯ ‘ಶಿವಸಂಚಾರ’ ತಂಡವು 1997ರಲ್ಲಿ ತಿರುಗಾಟ ಆರಂಭಿಸಿ ನಾಡಿನ ಊರೂರಿಗೆ ನಾಟಕವನ್ನು ಒಯ್ದಿದೆ. ಮಠವೊಂದು ರಂಗಭೂಮಿಯನ್ನು ಅನುಭವ ಪ್ರಸಾರದ ದಾರಿಯಾಗಿಸಿಕೊಂಡಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ.

ಎಲ್ಲ ಮಕ್ಕಳೂ ನಟರಾಗುವುದಿಲ್ಲ. ಆದರೆ ಸಭೆಯಲ್ಲಿ ಎದ್ದು ನಿಂತು, ಕಿರುಚದೆ, ನಡುಗದೆ, ತನ್ನ ಮಾತನ್ನು ಪೂರ್ತಿಯಾಗಿ ಹೇಳಬಲ್ಲ ಮಗಳು ಯಾವ ಮನೆಗೆ ಬೇಡ? ಈ ಸಲದ ಜಯಂತಿಗೆ ಮಕ್ಕಳು ಹತ್ತು ವಚನಗಳ ಬದಲು ಒಂದನ್ನೇ ಕಲಿಯಲಿ. ಅದರ ಅಂಕಿತವು ಕೊನೆಯ ಸಾಲಿನವರಿಗೂ ಕೇಳಿಸಲಿ.