ಬೊಲೊನ್ಯಾದ ಚೌಕಗಳು

ಉತ್ತರ ಇಟಲಿಯ ಬೊಲೊನ್ಯಾದಲ್ಲಿ ಹಳೆಯ ಊರು ಬೆಳೆದದ್ದು ಚೌಕಗಳ ಸುತ್ತ. ಆಡಳಿತ, ಧರ್ಮ, ವಿದ್ಯೆ, ವ್ಯಾಪಾರ ಎಲ್ಲಕ್ಕೂ ಒಂದೊಂದು ‘ಪಿಯಾಝಾ’ ಇದೆ. ಎಲ್ಲವೂ ಹತ್ತಿರ ಹತ್ತಿರವಿರುವುದರಿಂದ ನಡೆದೇ ನೋಡಬಹುದು.

ಇವುಗಳಲ್ಲಿ ಹಿರಿದು ಪಿಯಾಝಾ ಮಜ್ಜೋರೆ. 13ನೇ ಶತಮಾನದ ಆರಂಭದಲ್ಲಿ ನಗರಾಡಳಿತ ಇಲ್ಲಿದ್ದ ಮನೆಗಳನ್ನು ಕೊಂಡು ಕೆಡವಿ, ಸಂತೆಗೂ ಸಭೆಗೂ ಬಯಲು ಮಾಡಿಕೊಂಡಿತು. ಪಶ್ಚಿಮಕ್ಕೆ ನಗರಸಭೆಯ ಹಳೆಯ ಅರಮನೆ ದಾಕ್ಕೂರ್ಸಿಯೊ. ಅದರ ಹೊರಗೋಡೆಯಲ್ಲಿ ಮಧ್ಯಯುಗದ ಅಳತೆಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬಟ್ಟೆಯ ಉದ್ದ, ಇಟ್ಟಿಗೆ ಮತ್ತು ಹೆಂಚಿನ ಗಾತ್ರದ ಬಗ್ಗೆ ತಕರಾರು ಬಂದರೆ ಗೋಡೆಗೆ ಹಿಡಿದು ನೋಡಿದರಾಗುತ್ತಿತ್ತು.

ದಕ್ಷಿಣಕ್ಕೆ ಸಾನ್ ಪೆಟ್ರೋನಿಯೊ ಚರ್ಚ್. 1390ರಲ್ಲಿ ಊರಿನವರೇ ಕಟ್ಟಲು ತೊಡಗಿದ ಇದರ ಮುಖಭಾಗ ಪೂರ್ತಿಯಾಗಲೇ ಇಲ್ಲ: ಕೆಳಗರ್ಧ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಒಳಗಿನ ನೆಲದ ಮೇಲೆ ಖಗೋಳಜ್ಞ ಕಸ್ಸೀನಿ 1655ರಲ್ಲಿ ರೂಪಿಸಿದ ಸುಮಾರು 67 ಮೀಟರ್ ಉದ್ದದ ರೇಖೆಯಿದೆ. ಚಾವಣಿಯ ಕಿಂಡಿಯಿಂದ ಇಳಿಯುವ ಬಿಸಿಲಿನ ಬಿಲ್ಲೆ ನಡುಹಗಲಿಗೆ ಈ ರೇಖೆಯನ್ನು ದಾಟುತ್ತದೆ. ದಾಟುವ ಜಾಗ ಋತುವಿಗೆ ತಕ್ಕಂತೆ ಸರಿಯುತ್ತದೆ.

ಉತ್ತರದ ಪೊದೆಸ್ತಾ ಅರಮನೆಯ ಕಮಾನಿನಡಿ ಒಂದು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದ್ದು ಎದುರಿನ ಮೂಲೆಗೆ ಕೇಳಿಸುತ್ತದೆ. ಪಕ್ಕದ ನೆಪ್ಚೂನ್ ಚೌಕದಲ್ಲಿ ಜಂಬೊಲೋನ್ಯಾ 1560ರ ದಶಕದಲ್ಲಿ ರೂಪಿಸಿದ ಸಮುದ್ರದೇವತೆಯ ಕಂಚಿನ ಪ್ರತಿಮೆಯ ಕಾರಂಜಿ ಇದೆ. ಅದರ ತ್ರಿಶೂಲವೇ ಇದೇ ಊರಿನಲ್ಲಿ ಹುಟ್ಟಿದ ಮಸೆರಾಟಿ ಕಾರಿನ ಲಾಂಛನಕ್ಕೆ ಮಾದರಿ.

ಚರ್ಚಿನ ಹಿಂದಿರುವುದು ಗಾಲ್ವಾನಿ ಚೌಕ. ಕಪ್ಪೆಯ ಕಾಲಿನ ಪ್ರಯೋಗದಿಂದ ಪ್ರಾಣಿದೇಹದ ವಿದ್ಯುತ್ತನ್ನು ಚರ್ಚೆಗೆ ತಂದ ಲೂಯೀಜಿ ಗಾಲ್ವಾನಿ (1737–1798) ಇಲ್ಲಿ ಕೈಯಲ್ಲಿ ಕಪ್ಪೆಯಿಟ್ಟ ಹಲಗೆ ಹಿಡಿದು ನಿಂತಿದ್ದಾನೆ. ಎದುರಿನ ಆರ್ಕಿಜಿನ್ನಾಸಿಯೊ 1803ರವರೆಗೆ ವಿಶ್ವವಿದ್ಯಾಲಯದ ನೆಲೆಯಾಗಿತ್ತು.

ಪೂರ್ವಕ್ಕೆ ನಡೆದರೆ ಪೋರ್ತಾ ರಾವೆನ್ಯಾನ ಚೌಕದ ಜೋಡಿ ಗೋಪುರಗಳು. ಆಸಿನೆಲ್ಲಿ 97 ಮೀಟರ್ ಎತ್ತರ. ವಾಲಿದ ಗಾರಿಸೆಂಡಾ 48 ಮೀಟರ್. ಎರಡನ್ನೂ 12ನೇ ಶತಮಾನದಲ್ಲಿ ಸಿರಿವಂತ ಮನೆತನಗಳು ತಮ್ಮ ದೊಡ್ಡಸ್ತಿಕೆಗಾಗಿ ಕಟ್ಟಿಸಿದವು. ಗಾರಿಸೆಂಡಾದ ಸುರಕ್ಷತೆಗಾಗಿ 2023ರಲ್ಲಿ ಸುತ್ತಲೂ ತಡೆ ಹಾಕಲಾಯಿತು. ಅಲ್ಲಿಂದ ತುಸು ಮುಂದೆ ಸಾಂತೊ ಸ್ತೆಫಾನೊ. ಹೆಸರಿಗೆ ಚೌಕವಾದರೂ ಆಕಾರದಲ್ಲಿ ತ್ರಿಕೋನ. ಗುಂಡುಕಲ್ಲು ಹಾಸಿದ ನೆಲ ಒಂದಕ್ಕೊಂದು ಅಂಟಿಕೊಂಡ ಹಳೆಯ ಚರ್ಚುಗಳ ಗುಂಪಿನತ್ತ ಇಳಿಯುತ್ತದೆ.

ಈ ಚೌಕಗಳನ್ನೆಲ್ಲ ಜೋಡಿಸುವುದು ಕಂಬಸಾಲಿನ ಮೊಗಸಾಲೆಗಳು. ಹೊಸ ಮನೆಗೆ ಮೊಗಸಾಲೆ ಇರಲೇಬೇಕೆಂದು 1288ರ ನಗರಶಾಸನ ವಿಧಿಸಿತ್ತು. ಮೊಗಸಾಲೆ ಮನೆಯವನದೇ ಆದರೂ ಓಡಾಡುವ ಹಕ್ಕು ಎಲ್ಲರದು. ನಗರದಲ್ಲಿ ಒಟ್ಟು ಸುಮಾರು 62 ಕಿಲೋಮೀಟರ್ ಉದ್ದವಿರುವ ಇವು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.